ಜಯಮ್ಮನ ಹೆಸರಿಗೆ ಬರಬೇಕಿದ್ದ ಒಂದು ಪರ್ಸೆಂಟು

...ಅಥವಾ ಆ ದಿನ ಮಳೆಯೇ ಇರಲಿಲ್ಲವೇನೋ. ಜಯಮ್ಮ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದಾಗ ಹೊರಗೆ ಧೋ ಎಂದು ಸುರಿಯುತ್ತಿತ್ತು ಎಂದು ನಾನು ಇದುವರೆಗೆ ಹತ್ತಾರು ಜನರ ಮುಂದೆ ಹೇಳಿದ್ದೇನೆ. ಮೊನ್ನೆ ಯಾಕೋ ಅನುಮಾನ ಬಂತು. ಮಳೆ ಬಂದಿದ್ದರೆ ಅವರ ಕೈಯಲ್ಲಿ ಕೊಡೆ ಇರಬೇಕಿತ್ತು. ನನಗೆ ನೆನಪಿರುವುದು ಒಂದು ಪ್ಲಾಸ್ಟಿಕ್ ಚೀಲ ಮಾತ್ರ. ಅದರೊಳಗೆ ಪಾಸ್‌ಬುಕ್ಕು, ಆಧಾರ್, ಪ್ಯಾನ್ ಕಾರ್ಡು, ಮತ್ತೆ ವಾಷಿಂಗ್ ಮೆಷಿನ್ನಿನ ಬಣ್ಣದ ಚಿತ್ರವಿದ್ದ ಅಂಗಡಿಯ ಕಾಗದ. ಅವರ ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿದ್ದದ್ದು ನಿಜ. ಆದರೆ ಶುಂಠಿ ತೊಳೆಯುವ ಶೆಡ್ಡಿನಿಂದ ನೇರವಾಗಿ ಬರುವ ಹೆಂಗಸರ ಸೀರೆಯಿಂದ ಬೇಸಿಗೆಯಲ್ಲೂ ನೀರು ತೊಟ್ಟಿಕ್ಕುತ್ತದೆ. ಆ ಅಂಚನ್ನು ನೋಡಿ ನನ್ನ ತಲೆಯೇ ಮೇಲೊಂದು ಮಳೆ ಸುರಿಸಿಕೊಂಡಿರಬೇಕು. ಆದ್ದರಿಂದ ಈ ಬರಹದಲ್ಲಿ ಹವಾಮಾನವನ್ನು ನಂಬಬೇಡಿ. ವಾಷಿಂಗ್ ಮೆಷಿನ್ನನ್ನು ನಂಬಬಹುದು. ಆ ಕಾಗದದ ಒಂದು ಮೂಲೆ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಯಾರು ಹರಿದರು, ಯಾಕೆ ಹರಿದರು ಎಂದು ಮಾತ್ರ ಕೇಳಬೇಡಿ.

ನಾನು ಹುಣಸೂರಿನಲ್ಲಿ ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ಟಿಡಿಎಸ್ ರಿಟರ್ನ್ ಹಾಕುವವನು. ಮದುವೆ ಮನೆಯಲ್ಲಿ ಪಕ್ಕದ ಎಲೆಯವರು ಏನು ಕೆಲಸ ಎಂದು ಕೇಳಿ, ನಾನು ಇದನ್ನು ಹೇಳಿದರೆ, ಅವರು ಕೂಡಲೇ ಸಾರು ಬಡಿಸುವವನನ್ನು ಕೂಗುತ್ತಾರೆ. ಅದಕ್ಕೇ ಚುಟುಕಾಗಿ ಹೇಳಿ ಮುಗಿಸುತ್ತೇನೆ. ವ್ಯಾಪಾರದವರು ಗುತ್ತಿಗೆಯವರಿಗೆ ದುಡ್ಡು ಕೊಡುವಾಗ ನೂರಕ್ಕೆ ಒಂದು ರೂಪಾಯಿ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಕಟ್ಟುವುದು ಒಂದು ಕೆಲಸ. ಹಾಗೆ ಕಟ್ಟಿದ್ದು ಯಾರ ಯಾರ ಹೆಸರಿನ ದುಡ್ಡು ಎಂದು ಮೂರು ತಿಂಗಳಿಗೊಮ್ಮೆ ಪಟ್ಟಿ ಮಾಡಿ ತಿಳಿಸುವುದು ಇನ್ನೊಂದು ಕೆಲಸ. ಆ ಪಟ್ಟಿಯೇ ರಿಟರ್ನು. ಪಟ್ಟಿಯಲ್ಲಿ ಹೆಸರು ಸರಿಯಾಗಿದ್ದರೆ, ತೆರಿಗೆ ಕಟ್ಟುವಷ್ಟು ವರಮಾನ ಇಲ್ಲದವರು ವರ್ಷ ಕಳೆದ ಮೇಲೆ ಅರ್ಜಿ ಹಾಕಿ ಅದನ್ನು ವಾಪಸ್ಸು ಪಡೆಯಬಹುದು. ಮದುವೆಯಾದ ಹೊಸದರಲ್ಲಿ ಇದನ್ನೆಲ್ಲ ನನ್ನ ಹೆಂಡತಿಗೆ ಬಹಳ ಉತ್ಸಾಹದಿಂದ ವಿವರಿಸಿದ್ದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಒಬ್ಬರ ದುಡ್ಡನ್ನ ಇನ್ನೊಬ್ಬರು ಇಟ್ಕೊಂಡಿದಾರೆ ಅಂತ ಮತ್ತೊಬ್ಬರಿಗೆ ಹೇಳೋದು. ನಮ್ಮ ಊರಲ್ಲಿ ಇದನ್ನ ಚಾಡಿ ಅಂತಾರೆ" ಅಂದಳು. ತಾನು ಹಾಗೆ ಅಂದೇ ಇಲ್ಲ ಎಂದು ಈಗ ವಾದಿಸುತ್ತಾಳೆ. ಇರಬಹುದು. ಆ ಮಾತನ್ನು ನಾನೇ ಹುಟ್ಟಿಸಿ ಅವಳ ಲೆಕ್ಕಕ್ಕೆ ಹಾಕಿದ್ದರೂ ಹಾಕಿರಬಹುದು. ಹೆಸರು ಅದಲುಬದಲು ಮಾಡುವುದರಲ್ಲಿ ನನ್ನ ಕೈ ಎಷ್ಟು ಪಳಗಿದೆ ಎಂಬುದು ಮುಂದೆ ತಿಳಿಯುತ್ತದೆ.

ಷರೀಫ್ ಸಾಹೇಬರು ನನ್ನ ಹಳೆಯ ಕಕ್ಷಿದಾರರು. ಶುಂಠಿ ವ್ಯಾಪಾರ. ಎಚ್.ಡಿ. ಕೋಟೆ ಕಡೆಯ ಹೊಲಗಳಿಂದ ಬರುವ ಶುಂಠಿಯನ್ನು ಕಂಪಲಾಪುರದ ಹೊರಗಿರುವ ಅವರ ಶೆಡ್ಡಿನಲ್ಲಿ ತೊಳೆದು, ಮೂಟೆ ಕಟ್ಟಿ, ಲಾರಿಗೆ ಹಾಕುತ್ತಾರೆ. ಕಿತ್ತು ತೊಳೆಯುವ ಗುತ್ತಿಗೆ ಕಂಪಲಾಪುರದ ಹದಿನಾಲ್ಕು ಹೆಂಗಸರ ಒಂದು ಗ್ಯಾಂಗಿನದು. ಮೂಟೆಗೆ ಇಷ್ಟು ಎಂದು ಮಾತು. ಹದಿನಾಲ್ಕು ಜನರಲ್ಲಿ ಒಬ್ಬರು ಮೇಸ್ತ್ರಿ. ಬಿಲ್ಲು ಅವರ ಹೆಸರಿಗೆ, ದುಡ್ಡು ಅವರ ಖಾತೆಗೆ, ಆಮೇಲೆ ಅವರು ಮಿಕ್ಕವರಿಗೆ ಹಂಚುತ್ತಾರೆ. ಆ ಒಂದು ಪರ್ಸೆಂಟನ್ನು ಹಿಡಿಯುವುದೂ ಮೇಸ್ತ್ರಿಯ ಹೆಸರಿನಲ್ಲೇ.

ಮೊದಲ ಸಲ ದುಡ್ಡು ಹಿಡಿದಾಗ ಗಲಾಟೆಯಾಗುತ್ತದೆ ಎಂದು ಸಾಹೇಬರು ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿದ್ದರು. ನಾನು ಕಾನೂನು, ಕಲಮು, ತ್ರೈಮಾಸಿಕ ಎಂದು ಕಾಲು ಗಂಟೆ ಮಾತಾಡಿದೆ. ಎಲ್ಲರೂ ಸುಮ್ಮನೆ ಕೇಳಿದರು. ಕೊನೆಗೆ ಪುಟ್ಟಮ್ಮ ಎಂಬುವವರು, ಗ್ಯಾಂಗಿನಲ್ಲಿ ಅವರೇ ಹಿರಿಯರು, ಸೊಂಟದ ಮೇಲೆ ಒಂದು ಕೈಯಿಟ್ಟುಕೊಂಡು ಹೇಳಿದರು: "ಅದ್ಯಾಕ್ ಸಾ ಅಷ್ಟ್ ಸುತ್ತಾಕ್ಕಂಡ್ ಬತ್ತೀರಿ. ಇದು ಮುಯ್ಯಿ ಅಲ್ವಾ? ನಾವ್ ಈಗ ಬರುಸ್ತೀವಿ, ಸರ್ಕಾರದೋರು ಆಮೇಕೆ ತಿರುಗುಸ್ತಾರೆ. ನೀವು ಮೇಜ್ ಆಕ್ಕಂಡು ಬರ್ಕೊಳೋರು. ಎಸ್ರು ನೆಟ್ಟಗೆ ಬರ್ಕಳಿ, ಸಾಕು."

ನಾನು ಬಾಯಿ ಮುಚ್ಚಿದೆ. ನಮ್ಮ ಕಡೆಯ ಮದುವೆಗಳಲ್ಲಿ ಊಟ ಮುಗಿಸಿ ಕೈ ತೊಳೆದವರು ನೇರವಾಗಿ ಮುಯ್ಯಿ ಬರೆಯುವ ಮೇಜಿಗೆ ಹೋಗುತ್ತಾರೆ. ಕೊಟ್ಟ ದುಡ್ಡು, ಕೊಟ್ಟವರ ಹೆಸರು, ಊರು, ಎಲ್ಲ ನೋಟ್‌ಬುಕ್ಕಿಗೆ ಹೋಗುತ್ತದೆ. ನಾಳೆ ಅವರ ಮನೆಯಲ್ಲಿ ಕಾರ್ಯವಾದಾಗ ಅದೇ ಪುಟ ತೆಗೆದು ನೋಡಿ, ಅಷ್ಟನ್ನು, ಮೇಲೆ ಒಂದಿಷ್ಟು ಸೇರಿಸಿ, ತಿರುಗಿಸಬೇಕು. ತಡವಾದರೆ ಸರ್ಕಾರವೂ ಮೇಲೆ ಚೂರು ಬಡ್ಡಿ ಸೇರಿಸುತ್ತದೆ. ವಾಣಿಜ್ಯ ಪದವಿ ಓದಿ, ಎಷ್ಟೋ ಸುತ್ತೋಲೆಗಳನ್ನು ಅಂಡರ್‌ಲೈನ್ ಮಾಡಿಕೊಂಡ ನನಗೆ ಹೊಳೆಯದ ಮಾತನ್ನು ಪುಟ್ಟಮ್ಮ ಕೈಯಲ್ಲಿ ಶುಂಠಿ ಹಿಡಿದುಕೊಂಡೇ ಹೇಳಿಬಿಟ್ಟಿದ್ದರು. ಆವತ್ತಿನಿಂದ ಹೊಸ ಕಕ್ಷಿದಾರರಿಗೆ ನಾನೂ ಮುಯ್ಯಿಯ ಲೆಕ್ಕದಲ್ಲೇ ವಿವರಿಸುತ್ತೇನೆ. ಕೆ.ಆರ್. ನಗರದ ಅಕ್ಕಿ ಗಿರಣಿಯವರೊಬ್ಬರು ಅದನ್ನು ಕೇಳಿ, "ಎಷ್ಟು ಚೆನ್ನಾಗಿ ಯೋಚನೆ ಮಾಡಿದೀರಿ" ಎಂದು ಹೊಗಳಿದಾಗ ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ. ಪುಟ್ಟಮ್ಮನ ಹೆಸರು ಹೇಳಲಿಲ್ಲ.

ಮುಯ್ಯಿ ಎಂದು ತೀರ್ಮಾನವಾದ ಮೇಲೆ ಗ್ಯಾಂಗಿನವರು ಅದಕ್ಕೊಂದು ಕಟ್ಟಳೆ ಮಾಡಿಕೊಂಡರು. ಮುಯ್ಯಿ ಯಾರದಾದರೂ ಮನೆಯ ಕಾರ್ಯಕ್ಕೆ ಒದಗಬೇಕು. ಹದಿನಾಲ್ಕು ಪಾಲು ಮಾಡಿದರೆ ಬಳೆ ಖರ್ಚಿಗೂ ಬಾರದು. ಹಾಗಾಗಿ ಮೂರು ತಿಂಗಳಿಗೊಬ್ಬರು ಮೇಸ್ತ್ರಿ. ಚೀಟಿ ಎತ್ತಿ ಸರದಿ ಗೊತ್ತು ಮಾಡಿಕೊಂಡರು. ಯಾರ ಸರದಿಯೋ ಅವರ ಹೆಸರಿಗೆ ಗುತ್ತಿಗೆ, ಆ ಮೂರು ತಿಂಗಳಲ್ಲಿ ಹಿಡಿದ ದುಡ್ಡು ವಾಪಸ್ಸು ಬಂದಾಗ ಅದು ಪೂರ್ತಿ ಅವರದೇ. ಕೈಗೆ ಬಂದ ಕೂಲಿ ಸಂಜೆಯೊಳಗೆ ಅಕ್ಕಿ, ಎಣ್ಣೆ, ಗಂಡನ ಬೀಡಿ, ಮಕ್ಕಳ ಫೀಸು ಎಂದು ಕರಗುತ್ತದೆ. ಕೈಗೆ ಬಾರದೆ ಹೋದ ಈ ದುಡ್ಡೊಂದೇ ಇಡಿಯಾಗಿ ಉಳಿಯುತ್ತದೆ. ಒಬ್ಬರು ಅದರಲ್ಲಿ ಮಿಕ್ಸಿ ಕೊಂಡರು, ಇನ್ನೊಬ್ಬರು ಕಿವಿಗೆ ಓಲೆ. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಸರದಿ ಪುಟ್ಟಮ್ಮನದು, ಜನವರಿಯಿಂದ ಮಾರ್ಚಿನದು ಜಯಮ್ಮನದು. ಶುಂಠಿ ಹೆಚ್ಚಾಗಿ ಕೀಳುವುದೇ ಆಗ, ಆದ್ದರಿಂದ ದೊಡ್ಡ ಮೊತ್ತ. ಅರ್ಧ ಇದರಿಂದ, ಇನ್ನರ್ಧ ಸ್ವಸಹಾಯ ಸಂಘದ ಸಾಲದಿಂದ ವಾಷಿಂಗ್ ಮೆಷಿನ್ ಎಂದು ಜಯಮ್ಮ ನಿರ್ಧರಿಸಿದ್ದರು. "ಬೆಳಗಿಂದ ಸಂದೆಗಂಟ ಊರೋರ್ ಶುಂಠಿ ತೊಳಿಯೋದು, ಮನೆಗೋದ್ರೆ ಆರ್ ಜನದ ಬಟ್ಟೆ ತೊಳಿಯೋದು. ಒಂದ್ ಕಡೆ ಆದ್ರೂ ಕೈ ಒಣಗ್ಲಿ ಸಾ" ಎಂದು ಅವರು ನನಗೆ ಹೇಳಿದ್ದು ಚೆನ್ನಾಗಿ ನೆನಪಿದೆ. ಹಿತ್ತಿಲ ಬಚ್ಚಲಿನ ಪಕ್ಕ ಮೆಷಿನ್ ಇಡಲು ಸಿಮೆಂಟಿನ ಕಟ್ಟೆಯನ್ನೂ ಕಟ್ಟಿಸಿದ್ದರು. ಖಾಲಿ ಕಟ್ಟೆಯ ಮೇಲೆ ಕೋಳಿ ಮಲಗುತ್ತಿತ್ತಂತೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಏನು ಮಾಡಿದೆ ಎಂಬುದಕ್ಕೆ ಬರುತ್ತೇನೆ. ಆ ಮೂರು ತಿಂಗಳ ರಿಟರ್ನಿಗೆ ಮೇ ಕೊನೆಯ ದಿನ ಗಡುವು. ತಡವಾದರೆ ದಿನಕ್ಕೆ ಇಷ್ಟೆಂದು ದಂಡ. ನಮ್ಮ ಕಸುಬಿನಲ್ಲಿ ಎಲ್ಲರಿಗೂ ಒಂದು ಒಳದಾರಿ ಇದೆ: ಹಿಂದಿನ ರಿಟರ್ನನ್ನು ನಕಲು ಮಾಡಿ, ಅಂಕಿಗಳನ್ನು ಬದಲಾಯಿಸಿ ಕಳಿಸುವುದು. ಗರಗಸದ ಮಿಲ್ಲಿಗೆ, ಅಕ್ಕಿ ಗಿರಣಿಗೆ ಇದು ನಡೆಯುತ್ತದೆ, ಅಲ್ಲಿ ಜನ ಬದಲಾಗುವುದಿಲ್ಲ. ಶುಂಠಿ ಗ್ಯಾಂಗಿನದನ್ನೂ ಹಾಗೇ ನಕಲು ಮಾಡಿದೆ. ತಾರೀಖು ಬದಲಾಯಿಸಿದೆ, ಮೊತ್ತ ಬದಲಾಯಿಸಿದೆ, ಚಲನ್ ನಂಬರ್ ಬದಲಾಯಿಸಿದೆ. ಪುಟ್ಟಮ್ಮನನ್ನು ಬದಲಾಯಿಸಲಿಲ್ಲ. ಕಂಪ್ಯೂಟರಿಗೆ ಎಲ್ಲ ಸರಿಯಾಗಿಯೇ ಕಂಡಿತು. ಪ್ಯಾನ್ ನಂಬರಿನಲ್ಲಿ ಒಂದಕ್ಷರ ತಪ್ಪಿದ್ದರೆ ಅದು ಕೆಂಪು ಗೆರೆ ಎಳೆದು ಗೋಳಾಡುತ್ತಿತ್ತು. ಮನುಷ್ಯರೇ ತಪ್ಪಾಗಿದ್ದಕ್ಕೆ ಅದರ ತಕರಾರಿಲ್ಲ. ನನ್ನ ನೆನಪು ಕೆಲಸ ಮಾಡುವುದೂ ಹೀಗೆಯೇ ಎಂದು ಈಗೀಗ ಅನಿಸುತ್ತಿದೆ. ಅದು ಯಾವುದನ್ನೂ ಹೊಸದಾಗಿ ಬರೆದುಕೊಳ್ಳುವುದಿಲ್ಲ. ಹಳೆಯದೊಂದನ್ನು ನಕಲು ಮಾಡಿ, ತಾರೀಖು ತಿದ್ದಿ, ಜನರನ್ನು ಇದ್ದ ಹಾಗೇ ಬಿಡುತ್ತದೆ.

ಜುಲೈನಲ್ಲಿ ಜಯಮ್ಮ ಬಂದದ್ದು ವಾಪಸ್ಸು ಪಡೆಯುವ ಅರ್ಜಿ ಹಾಕಿಸಲು. ಅದಕ್ಕೆ ತಿಂಗಳ ಕೊನೆಯವರೆಗೆ ಸಮಯವಿತ್ತು. ಪ್ರತಿಯೊಬ್ಬರ ಹೆಸರಿನಲ್ಲಿ ಎಷ್ಟು ಹಿಡಿದಿದೆ ಎಂದು ತೋರಿಸುವ ಪುಟವೊಂದು ತೆರಿಗೆಯ ವೆಬ್‌ಸೈಟಿನಲ್ಲಿರುತ್ತದೆ. ತೆರೆದೆ. ಖಾಲಿ. ಪುಟ ತೆರೆಯಲು ತಡವಾಗುತ್ತಿದೆಯೇನೋ ಎಂದು ಕಾದೆ. ಮತ್ತೆ ತೆರೆದೆ. ಆಗ ಮೇ ತಿಂಗಳ ನಕಲು ನೆನಪಾಯಿತು. ಪುಟ್ಟಮ್ಮನ ಪುಟ ತೆರೆದರೆ ಅಲ್ಲಿ ಎರಡು ಸರದಿಯ ದುಡ್ಡು ಗುಡ್ಡೆ ಬಿದ್ದಿತ್ತು.

ಜಯಮ್ಮ ಮೇಜಿನ ಮೇಲೆ ಆ ಬಣ್ಣದ ಕಾಗದ ಹರಡಿ, "ಇದ್ರಲ್ಲಿ ಎರಡ್ ತರ ಅವೆ ಸಾ. ಮೇಲಿಂದ ಬಟ್ಟೆ ಆಕೋದು, ಮುಂದಿಂದ ಆಕೋದು. ಯಾವ್ದ್ ತಗಳನ?" ಎಂದು ಕೇಳಿದರು.

"ಮೇಲಿಂದ ಹಾಕೋದು ಒಳ್ಳೇದು" ಎಂದೆ. ನಮ್ಮ ಮನೆಯಲ್ಲಿರುವುದು ಯಾವುದು ಎಂದೂ ನನಗೆ ಗೊತ್ತಿರಲಿಲ್ಲ.

"ದುಡ್ ಬಂದದಾ ನನ್ ಎಸ್ರಿಗೆ?"

"ಸರ್ವರ್ ಡೌನ್ ಆಗಿದೆ ಜಯಮ್ಮ."

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ಆಗ್ಲಿ ಬುಡಿ, ಅದಕ್ಕೂ ಸುಸ್ತಾಗಿರ್ತದೆ" ಎಂದು ಕಾಗದ ಮಡಿಸಿಕೊಂಡು ಇಳಿದು ಹೋದರು.

ತಪ್ಪಾದ ರಿಟರ್ನಿಗೆ ತಿದ್ದುಪಡಿ ರಿಟರ್ನ್ ಹಾಕಬಹುದು. ಹಾಕುವುದು ಅರ್ಧ ಗಂಟೆಯ ಕೆಲಸ, ಇಲಾಖೆಯ ಕಂಪ್ಯೂಟರು ಅದನ್ನು ಒಪ್ಪಿ ಪುಟ ಬದಲಾಯಿಸಲು ಎಷ್ಟು ದಿನ ಎಂಬುದನ್ನು ಮಾತ್ರ ಹೇಳಲಾಗದು. ಆವತ್ತೇ ಹಾಕಿದೆ. ಸಾಹೇಬರ ಸಹಿ ಬೇಕಿತ್ತು, ಅವರಿಗೆ ವಿಷಯ ಹೇಳಬೇಕಾಯಿತು. ಅವರು ನಗಲಿಲ್ಲ, ಬೈಯಲಿಲ್ಲ. "ಹೆಸರು ತಪ್ಪಿದ್ದು ನನಗೇ ಆಗಿದ್ರೆ ಪರವಾಗಿಲ್ಲ ಅಂತಿದ್ದೆ. ಪುಟ್ಟಮ್ಮನ ದುಡ್ಡು ಕಿತ್ತು ಜಯಮ್ಮಂಗೆ ಹಾಕ್ತಾ ಇದೀರಿ. ಇದನ್ನ ಹೋಗಿ ಎದುರಿಗೇ ಹೇಳಿಬಿಡಿ" ಎಂದರು. ನೀವೂ ಬನ್ನಿ ಎಂದೆ. "ನಾನು ಅವರ ಹತ್ರ ಮೂಟೆ ರೇಟ್ ಮಾತಾಡೋಕೇ ಹೆದರ್ತೀನಿ. ನೀವು ಓದಿದೋರು" ಎಂದು ಸ್ಕೂಟರಿಗೆ ಪೆಟ್ರೋಲ್ ಹಾಕಿಸಿಕೊಟ್ಟರು.

ಮಾರನೆಯ ದಿನ ಅರ್ಧ ಕೆಜಿ ಮೈಸೂರುಪಾಕು ಕಟ್ಟಿಸಿಕೊಂಡು ಕಂಪಲಾಪುರಕ್ಕೆ ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೊದಲು ತಾಂತ್ರಿಕ ತೊಂದರೆ ಎಂದೆ, ಮನಸ್ಸಿನಲ್ಲೇ. ಆಮೇಲೆ ಸಣ್ಣ ವ್ಯತ್ಯಾಸ ಎಂದು ಬದಲಾಯಿಸಿದೆ. ಶೆಡ್ಡು ಕಾಣುವ ಹೊತ್ತಿಗೆ ತಪ್ಪು ಎಂಬ ಪದಕ್ಕೆ ಬಂದು ನಿಂತಿದ್ದೆ.

ಶೆಡ್ಡಿನಲ್ಲಿ ಹಳೇ ಶುಂಠಿಯ, ಅಂದರೆ ಹಿಂದಿನ ಬೆಳೆಯಲ್ಲಿ ಕೀಳದೆ ಮಣ್ಣಲ್ಲೇ ಬಿಟ್ಟಿದ್ದರ, ಲೋಡು ಬಂದಿತ್ತು. ಹದಿನಾಲ್ಕು ಜನವೂ ಇದ್ದರು ಎಂದು ನಾನು ಹೇಳುತ್ತೇನೆ. ಒಂಬತ್ತೇ ಇದ್ದದ್ದು ಎಂದು ಪುಟ್ಟಮ್ಮ ಹೇಳುತ್ತಾರೆ. ಹೆದರಿದವನ ಎಣಿಕೆಗಿಂತ ಅವರದೇ ಸರಿಯಿದ್ದೀತು. ರಾಶಿಗೆ ಪೈಪಿನಿಂದ ನೀರು ಹೊಡೆಯುತ್ತಿದ್ದರು, ಕೆಂಪು ಮಣ್ಣು ಕರಗಿ ಹರಿಯುತ್ತಿತ್ತು, ಮೂಗು ಬಿಚ್ಚುವ ಹಾಗೆ ಘಾಟು. ಪೈಪ್ ಹಿಡಿದಿದ್ದವರು ಜಯಮ್ಮನೇ. ನನ್ನನ್ನು ನೋಡಿ ತಿರುಗಿದ್ದರಿಂದ ಪೈಪೂ ತಿರುಗಿ ನನ್ನ ಅಂಗಿಯ ಮೇಲೆಲ್ಲ ಕೆಸರು ನೀರು. ಬೇಕೆಂದು ಮಾಡಿದ್ದಲ್ಲ ಎಂದು ಅವರು ಹೇಳಿದರು. ನಾನು ಅದನ್ನು ತನಿಖೆ ಮಾಡುವ ಸ್ಥಿತಿಯಲ್ಲಿರಲಿಲ್ಲ. ಒದ್ದೆ ಅಂಗಿಯಲ್ಲಿ, ಕೈಯಲ್ಲಿ ಮೈಸೂರುಪಾಕಿನ ಡಬ್ಬಿ ಹಿಡಿದುಕೊಂಡು, ಒಂದೇ ಉಸಿರಿಗೆ ಹೇಳಿದೆ: ನಾನು ಹಳೆಯದನ್ನು ನಕಲು ಮಾಡಿದೆ, ಹೆಸರು ತಿದ್ದುವುದು ಮರೆತೆ, ಜಯಮ್ಮನ ದುಡ್ಡು ಪುಟ್ಟಮ್ಮನ ಹೆಸರಿಗೆ ಹೋಗಿದೆ, ತಿದ್ದುಪಡಿ ಹಾಕಿದ್ದೇನೆ, ತಪ್ಪು ನನ್ನದು.

ಪುಟ್ಟಮ್ಮ ಕೈ ಒರೆಸಿಕೊಂಡು ಸೊಂಟದಿಂದ ಪುಟ್ಟ ಫೋನ್ ತೆಗೆದರು. "ನಂಗೆ ಜೂನಲ್ಲೇ ಮೆಸೇಜ್ ಬಂದಿತ್ತಲ್ಲ ಸಾ. ನಿಮ್ ಎಸ್ರಲ್ಲಿ ಇಷ್ಟ್ ದುಡ್ ಇಡ್ದವ್ರೆ ಅಂತ. ಮೊಮ್ಮಗಳ ಕೈಲಿ ಓದುಸ್ದೆ. ಇದ್ಯಾಕೋ ಜಾಸ್ತಿ ಆಯ್ತಲ್ಲಾ ಅಂತ ಅವತ್ತೇ ಇವ್ಳಿಗೆ ಯೋಳ್ದೆ."

"ಅಂಗಾರೆ..." ಎಂದು ನಾನು ಜಯಮ್ಮನ ಕಡೆ ತಿರುಗಿದೆ. ಗಾಬರಿಯಾದಾಗ ನನಗೂ ಅವರ ಮಾತೇ ಬರುತ್ತದೆ. "ನಿನ್ನೆ ನೀವು ನನ್ನ ಆಫೀಸಿಗೆ ಬಂದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಬತ್ತೀನಾ? ನೀವೇ ಬಾಯ್ ಬುಡ್ಲಿ ಅಂತ ನೋಡ್ತಿದ್ದೆ. ನೀವ್ ನೋಡುದ್ರೆ ಸರ್ವರ್ ಬಿದ್ದೋಗದೆ ಅಂದ್ರಿ. ಮುಖ ನೋಡಿ ಪಾಪ ಅನ್ನುಸ್ತು, ಬಂದ್ಬುಟ್ಟೆ." ಆಮೇಲೆ ಪೈಪನ್ನು ನೆಲಕ್ಕೆ ಹಾಕಿ ಬಹಳ ಕಾಳಜಿಯಿಂದ ಕೇಳಿದರು: "ಈಗ್ ಎಂಗದೆ ಸಾ ಅದು? ಎದ್ದು ಕೂತದಾ? ಗಂಜಿ ಗಿಂಜಿ ಕುಡೀತಾ?"

ಆಗ ಎದ್ದ ನಗು ಕಂಪಲಾಪುರದ ಬಸ್ ಸ್ಟಾಪಿನವರೆಗೆ ಕೇಳಿಸಿರಬೇಕು. ಒಬ್ಬರು ಮೂಟೆಯ ಮೇಲೆ ಕೂತುಬಿಟ್ಟರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ, ಮತ್ತೆ ನಿಜವಾಗಿ ನಗುವೂ ಬಂತು. ಪುಟ್ಟಮ್ಮ ಮೈಸೂರುಪಾಕಿನ ಡಬ್ಬಿ ಇಸಿದುಕೊಂಡು, "ಬಂದ್ ದುಡ್ಡ ಅವಳ್ ಕೈಗ್ ಕೊಡಕ್ಕೆ ನಂಗೇನು ಬರಕ್ಕಿಲ್ವಾ? ಅದ್ಕ್ಯಾಕೆ ಇಷ್ಟ್ ದೂರ ಗಾಡಿ ಓಡಿಸ್ಕಂಡ್ ಬಂದ್ರಿ" ಎಂದರು. ಹಾಗೆ ಮಾಡುವಂತಿಲ್ಲ, ಯಾರ ಹೆಸರಿಗೆ ಸೇರಬೇಕೋ ಅವರ ಹೆಸರಿಗೇ ಸೇರಬೇಕು ಎಂದೆ. "ಅದನ್ನ ಮೇ ತಿಂಗ್ಳಲ್ಲಿ ಗೆಪ್ತಿ ಇಟ್ಕಬೇಕಿತ್ತು ತಾನೇ" ಎಂದು ಮೂಟೆಯ ಮೇಲೆ ಕೂತವರು ಕೇಳಿದರು.

ಹೋದ ಮಾನವನ್ನು ಸ್ವಲ್ಪವಾದರೂ ಹಿಂದಕ್ಕೆ ಪಡೆಯೋಣ ಎಂದು ನಾನು ನನ್ನ ವಿದ್ಯೆ ತೆಗೆದೆ. ಸಾಹೇಬರು ಒಬ್ಬ ಮೇಸ್ತ್ರಿಗೆ ಕೊಡುವ ಬದಲು ಹದಿನಾಲ್ಕು ಜನಕ್ಕೂ ಬೇರೆ ಬೇರೆಯಾಗಿ ಅವರವರ ದುಡ್ಡು ಕೊಟ್ಟರೆ, ಒಬ್ಬೊಬ್ಬರದು ತೆರಿಗೆ ಹಿಡಿಯುವ ಮಿತಿಗಿಂತ ಕಡಿಮೆ ಇರುತ್ತದೆ, ಆಗ ಒಂದು ಪೈಸೆಯನ್ನೂ ಹಿಡಿಯಬೇಕಾಗಿಲ್ಲ. ಹೆಸರು ತಪ್ಪುವ ಮಾತೇ ಇಲ್ಲ. ಚಪ್ಪಾಳೆ ಬೀಳುತ್ತದೆ ಎಂದುಕೊಂಡಿದ್ದೆ. ಎಲ್ಲರ ಮುಖ ಸಪ್ಪಗಾಯಿತು.

"ಇಡೀದೆ ಓದ್ರೆ ವಾಪಸ್ ಏನ್ ಬತ್ತದೆ ಸಾ?" ಪುಟ್ಟಮ್ಮ ಕೇಳಿದರು.

"ಏನೂ ಬರಲ್ಲ. ನಿಮ್ಮ ದುಡ್ಡು ಆವತ್ತೇ ಪೂರ್ತಿ ನಿಮ್ಮ ಕೈಲಿರುತ್ತೆ."

"ಆವತ್ತೇ ಕೈಲಿದ್ರೆ ಆವತ್ತೇ ಮುಗ್ದೋಯ್ತದೆ. ನೀವು ಇಡ್ಕಳಿ, ಇಡ್ಕಳಿ. ಎಸ್ರು ಮಾತ್ರ ನೋಡ್ಕಂಡ್ ಆಕಿ."

ಇಡೀ ದೇಶದಲ್ಲಿ ತೆರಿಗೆ ಹಿಡಿಯಿರಿ ಎಂದು ಒತ್ತಾಯ ಮಾಡುವ ಜನ ಬೇರೆ ಎಲ್ಲಾದರೂ ಇದ್ದರೆ ನಾನು ನೋಡಿಲ್ಲ. ಬೇಕಾದರೆ ಪ್ರತಿಯೊಬ್ಬರೂ ಉಳಿತಾಯ ಖಾತೆ ತೆರೆಯಬಹುದು ಎಂದು ಹೇಳಲು ಬಾಯಿ ತೆರೆದೆ. ಒದ್ದೆ ಅಂಗಿ ನೆನಪಾಗಿ ಮುಚ್ಚಿಕೊಂಡೆ.

ಅಲ್ಲಿಂದ ಮುಂದೆ ಕಾಯುವ ಕೆಲಸ. ತಿಂಗಳ ಕೊನೆ ಹತ್ತಿರವಾಗುತ್ತಿತ್ತು. ನಾನು ಗಂಟೆಗೊಮ್ಮೆ ಜಯಮ್ಮನ ಪುಟ ತೆರೆದು ನೋಡುತ್ತಿದ್ದೆ. ಹೆಂಡತಿ ಗ್ಯಾಸ್ ಬುಕ್ ಮಾಡಿ ಎಂದರೂ ಬೆರಳು ಅಲ್ಲಿಗೇ ಹೋಗುತ್ತಿತ್ತು. ತಿಂಗಳು ಮುಗಿಯಲು ಮೂರು ದಿನವೋ ನಾಲ್ಕು ದಿನವೋ ಇರುವಾಗ ಒಂದು ಬೆಳಿಗ್ಗೆ ಅವರ ಹೆಸರಿನ ಕೆಳಗೆ ಆ ಮೊತ್ತ ಬಂದು ಕೂತಿತ್ತು. ಜಯಮ್ಮನಿಗೆ ಫೋನ್ ಮಾಡಿದೆ. "ಎದ್ದು ಕೂತ್ಕತಾ?" ಎಂದರು. ಹೂಂ ಎಂದೆ. ಆವತ್ತೇ ಅರ್ಜಿ ಹಾಕಿದೆವು. ಆಗಸ್ಟ್ ಮುಗಿಯುವುದರೊಳಗೆ ದುಡ್ಡು ಖಾತೆಗೆ ಬಂತು, ಸಂಘದ ಸಾಲವೂ ಸೇರಿತು, ಪಿರಿಯಾಪಟ್ಟಣದ ಅಂಗಡಿಯಿಂದ ಮೆಷಿನ್ನು ಗೂಡ್ಸ್ ಆಟೋದಲ್ಲಿ ಬಂದಿಳಿಯಿತು. ಮುಂದಿಂದ ಬಟ್ಟೆ ಹಾಕೋದು. ನನ್ನ ಸಲಹೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆವತ್ತು ನನ್ನನ್ನೂ ಕರೆದಿದ್ದರು. ಮೆಷಿನ್ನಿಗೆ ಕುಂಕುಮ ಇಟ್ಟು, ಮೊದಲ ಬಟ್ಟೆ ಹಾಕಿ ಸ್ವಿಚ್ ಒತ್ತಿದರು. ಗ್ಯಾಂಗಿನವರೆಲ್ಲ ಗಾಜಿನ ಬಾಗಿಲ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಸೀರೆಗಳು ಸುತ್ತುವುದನ್ನು ನೋಡಿದರು. ಅರ್ಧ ಗಂಟೆಯಾದರೂ ಯಾರೂ ಏಳಲಿಲ್ಲ. "ಇಂಗೇ ನೋಡ್ಕಂಡ್ ಕೂತ್ಕಂಡ್ರೆ ಕೈಲಿ ತೊಳ್ದಷ್ಟೇ ಹೊತ್ತಾಯ್ತದಲ್ಲೇ ಜಯ" ಎಂದು ಪುಟ್ಟಮ್ಮ ಅಂದರೂ, ಅವರೂ ಕಣ್ಣು ತೆಗೆಯಲಿಲ್ಲ. ಜಯಮ್ಮ ಮಾತ್ರ ಗೋಡೆಗೊರಗಿ ನಿಂತಿದ್ದರು, ಎರಡೂ ಕೈ ಒಣಗಿದ್ದವು. ನನಗೆ ಕಾಫಿ ಕೊಟ್ಟು ಪಕ್ಕಕ್ಕೆ ಬಂದರು.

"ಸಾ, ಒಂದ್ ಮಾತ್ ಕೇಳ್ತೀನಿ, ತಪ್ ತಿಳ್ಕಬ್ಯಾಡಿ. ಪೆಬ್ರವರೀಲಿ ಇಡ್ಕಂಡಿದ್ ದುಡ್ಡು ಈಗ್ ಬಂತು. ಅಲ್ಲೀಗಂಟ ಅದು ಎಲ್ಲಿತ್ತು? ಇದು ಜಯಮ್ಮಂದು ಅಂತ ಬ್ಯಾರೆ ಮಡುಗಿದ್ರಾ? ಇಲ್ಲ, ನಂದ ಯಾವ್ದೋ ರೋಡಿಗೋ ಬ್ರಿಜ್ಜಿಗೋ ಆಕ್ಬುಟ್ಟು, ಬ್ಯಾರೆ ಯಾರ್ದೋ ತಗ್ದು ನಂಗ್ ಕಳುಸ್ದ್ರಾ?"

ಆ ದುಡ್ಡು ಕಟ್ಟಿದ ತಾರೀಖು ನನಗೆ ಗೊತ್ತು. ಬ್ಯಾಂಕಿನ ಶಾಖೆ ಗೊತ್ತು, ಚಲನ್ ನಂಬರ್ ಬಾಯಿಪಾಠ. ವಾಪಸ್ಸು ಬಂದ ದಿನ ಗೊತ್ತು, ಅದರ ಜೊತೆ ಬಂದ ಚಿಲ್ಲರೆ ಬಡ್ಡಿಯೂ ಗೊತ್ತು. ಇಷ್ಟು ವರ್ಷ ಈ ಕಡೆಯ ಬಾಗಿಲಲ್ಲಿ ಕೂತು ಹೋದದ್ದನ್ನು ಬರೆದುಕೊಂಡಿದ್ದೇನೆ, ಬಂದದ್ದನ್ನು ಬರೆದುಕೊಂಡಿದ್ದೇನೆ. ನಡುವಿನ ಆ ತಿಂಗಳುಗಳಲ್ಲಿ ಅದು ಎಲ್ಲಿರುತ್ತದೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಏನಾದರೂ ಹೇಳಬಹುದಿತ್ತು. ಜಯಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

"ಗೊತ್ತಿಲ್ಲ ಜಯಮ್ಮ" ಎಂದೆ.

ಈಗಲೂ ಗೊತ್ತಿಲ್ಲ.